ಇರುವೆಗೂಡಿನಲ್ಲಿ ಬಿಡಾರ ಹೂಡಿದವರು

ಇರುವೆಯ ಗೂಡು ಹೊರಗಿನಿಂದ ಮಣ್ಣಿನ ಗುಪ್ಪೆಯಾಗಿಯೋ, ಒಣಮರದ ಬಿರುಕಾಗಿಯೋ, ಹೊಲಿದ ಎಲೆಗಳ ಉಂಡೆಯಾಗಿಯೋ ಕಂಡರೂ ಒಳಗೆ ಅದು ಬಿಸಿಲು ಚಳಿಗಳ ಏರಿಳಿತ ಅಷ್ಟಾಗಿ ತಟ್ಟದ, ಆಹಾರ ಒಂದೇ ಸಮನೆ ಬಂದು ಸೇರುವ, ಶತ್ರುಗಳು ಹತ್ತಿರ ಸುಳಿಯಲು ಅಂಜುವ ಕಾವಲಿನ ಮನೆ. ಮೊಟ್ಟೆ, ಮರಿಹುಳು ಮತ್ತು ಕೋಶಗಳು ಅಲ್ಲಿ ರಾಶಿರಾಶಿಯಾಗಿ ಇರುತ್ತವೆ. ಕೆಲಸಗಾರ ಇರುವೆಗಳು ಹೊತ್ತು ತಂದ ಬೇಟೆ, ಕಾಳು, ಸಿಹಿದ್ರವಗಳು ಕೋಣೆಯಿಂದ ಕೋಣೆಗೆ ಸಾಗುತ್ತಿರುತ್ತವೆ. ಸತ್ತ ಇರುವೆಗಳನ್ನೂ ಉಂಡು ಬಿಟ್ಟ ಚೂರುಗಳನ್ನೂ ಹಾಕುವ ಕಸದ ಮೂಲೆಯೂ ಇರುತ್ತದೆ. ಇಷ್ಟೆಲ್ಲ ಒಂದೇ ಕಡೆ ಕೂಡಿಬಿದ್ದಿರುವಾಗ ಹೊರಗಿನ ಜೀವಿಗಳು ಅದಕ್ಕೆ ಆಸೆಪಡುವುದು ಸಹಜವೇ. ಆದರೆ ಒಳಗೆ ಕಾಲಿಟ್ಟ ಅಪರಿಚಿತ ಪ್ರಾಣಿಯನ್ನು ಕಚ್ಚಿ, ಕುಟುಕಿ, ಆಮ್ಲ ಸಿಂಪಡಿಸಿ ಚಿಂದಿಮಾಡುವ ಇರುವೆಗಳ ನಡುವೆಯೇ ಬಿಡಾರ ಹೂಡಿ, ಅಲ್ಲಿಯೇ ಉಂಡು, ಅಲ್ಲಿಯೇ ಸಂತಾನ ಬೆಳೆಸುವ ಸಣ್ಣ ಜೀವಿಗಳ ಸಂಖ್ಯೆ ಮಾತ್ರ ಯಾರೂ ಸುಲಭವಾಗಿ ಊಹಿಸಲಾರದಷ್ಟು ದೊಡ್ಡದು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವ ಸಂಗತಿ ಕನ್ನಡದಲ್ಲಿ ಗಾದೆಯಾಗಿಯೇ ಉಳಿದುಬಂದಿದೆ. ಇಲ್ಲಿ ಹೇಳಹೊರಟಿರುವ ಜೀವಿಗಳದು ಅದಕ್ಕಿಂತ ಕಷ್ಟದ ಕೆಲಸ. ಅವು ಕಟ್ಟಿದವರು ಬಿಟ್ಟುಹೋದ ಮನೆಗೆ ಬರುವುದಿಲ್ಲ, ತುಂಬಿದ ಮನೆಗೇ ಬರುತ್ತವೆ. ವಿಜ್ಞಾನಿಗಳು ಇವನ್ನು ಮಿರ್ಮೆಕೊಫೈಲ್‌ಗಳೆಂದು ಕರೆಯುತ್ತಾರೆ. ಬದುಕಿನ ಒಂದು ಹಂತದಲ್ಲಾದರೂ ಇರುವೆಗಳನ್ನು ಅಥವಾ ಇರುವೆಗೂಡನ್ನು ಅವಲಂಬಿಸಿಯೇ ತೀರಬೇಕಾದ ಜೀವಿಗಳೆಂದು ಇದರ ಅರ್ಥ. ದುಂಬಿಗಳು, ಚಿಟ್ಟೆಯ ಮರಿಹುಳುಗಳು, ನೊಣದ ಮರಿಗಳು, ರೆಕ್ಕೆಯಿಲ್ಲದ ಪುಟ್ಟ ಚಿಮ್ಮಂಡೆಗಳು, ಜಿರಲೆಗಳು, ಹಳೆಯ ಪುಸ್ತಕಗಳಲ್ಲಿ ಕಾಣುವ ಬೆಳ್ಳಿಹುಳುವಿನ ಬಂಧುಗಳು, ಜೇಡಗಳು, ನುಸಿಗಳು, ಸಿಗಡಿಯ ದೂರದ ನೆಂಟರಾದ ಐಸೊಪಾಡ್‌ಗಳು, ಹೀಗೆ ಕೀಲುಗಾಲಿನ ಪ್ರಾಣಿಗಳಾದ ಸಂಧಿಪದಿಗಳ ಹತ್ತಾರು ಮನೆತನಗಳು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ದಾರಿಯಲ್ಲಿ ಈ ಬದುಕಿಗೆ ಇಳಿದಿವೆ.

ಇವುಗಳ ಪಟ್ಟಿಯನ್ನು ಮೊದಲಬಾರಿಗೆ ಕ್ರಮವಾಗಿ ಮಾಡಿದವನು ಜೆಸ್ವಿಟ್ ಪಾದ್ರಿಯೂ ಕೀಟಶಾಸ್ತ್ರಜ್ಞನೂ ಆಗಿದ್ದ ಎರಿಕ್ ವಾಸ್ಮಾನ್. 1894ರಲ್ಲಿ ಆತ ಪ್ರಕಟಿಸಿದ ಪಟ್ಟಿಯಲ್ಲಿ ಇರುವೆಗಳೊಂದಿಗೆ ಬಾಳುವ 1,246 ಪ್ರಭೇದಗಳ ಹೆಸರಿದ್ದವು, ಅವುಗಳಲ್ಲಿ ಬಹುಪಾಲು ದುಂಬಿಗಳು. ಇರುವೆಗಳು ಆ ಜೀವಿಗಳನ್ನು ನಡೆಸಿಕೊಳ್ಳುವ ರೀತಿಯನ್ನು ನೋಡಿ ವಾಸ್ಮಾನ್ ಅವನ್ನು ಐದು ಬಗೆಯಾಗಿ ವಿಂಗಡಿಸಿದ: ಇರುವೆಗಳು ಅಟ್ಟಿಸಿಕೊಂಡು ಹೋದರೂ ತಪ್ಪಿಸಿಕೊಂಡು ಬದುಕುವವು, ಇರುವೆಗಳು ಗಮನಿಸದೆ ಬಿಡುವವು, ಇರುವೆಗಳೇ ಉಣಿಸಿ ನೆಕ್ಕಿ ಸಾಕುವ ನಿಜವಾದ ಅತಿಥಿಗಳು, ಮೈಮೇಲೆ ಅಥವಾ ಮೈಯೊಳಗೆ ಇರುವ ಪರೋಪಜೀವಿಗಳು, ಮತ್ತು ಇರುವೆಗಳಿಗೆ ಸಿಹಿದ್ರವ ಕೊಡುವ ಸಸ್ಯಹೇನಿನಂಥವು. ಈ ವಿಂಗಡಣೆ ಇಂದಿಗೂ ಪುಸ್ತಕಗಳಲ್ಲಿ ಉಳಿದಿದೆಯಾದರೂ ಒಂದೇ ಜೀವಿ ಮರಿಯಾಗಿದ್ದಾಗ ಒಂದು ಬಗೆಗೂ ಬೆಳೆದ ಮೇಲೆ ಇನ್ನೊಂದು ಬಗೆಗೂ ಸೇರುವುದರಿಂದ ಅದರ ಗಡಿಗಳು ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇರುವೆಗಳಲ್ಲಿ ಅತಿಥಿಗಳನ್ನು ಪ್ರೀತಿಯಿಂದ ಸಾಕುವ ಸಹಜಪ್ರವೃತ್ತಿಯೇ ಬೆಳೆದುಬಂದಿದೆಯೆಂದು ವಾಸ್ಮಾನ್ ನಂಬಿದ್ದ. ಅಮೆರಿಕದ ವಿಲಿಯಂ ಮಾರ್ಟನ್ ವೀಲರ್ ಮೊದಲಾದವರು ಅದನ್ನು ಒಪ್ಪಲಿಲ್ಲ. ತಮ್ಮ ಸಂತಾನವನ್ನೇ ತಿಂದುಹಾಕುವ ಪ್ರಾಣಿಯನ್ನು ಇರುವೆಗಳು ಸಾಕುವುದು ಪ್ರೀತಿಯಿಂದಲ್ಲ, ಮೋಸಹೋಗಿ ಎಂಬ ಅವರ ವಾದವನ್ನೇ ಆಮೇಲಿನ ಪ್ರಯೋಗಗಳು ಎತ್ತಿಹಿಡಿದವು.

ಮೋಸ ಹೇಗೆ ಸಾಧ್ಯವಾಗುತ್ತದೆಂಬುದನ್ನು ತಿಳಿಯಲು ಇರುವೆ ತನ್ನವರನ್ನು ಗುರುತಿಸುವ ಬಗೆಯನ್ನು ಮೊದಲು ತಿಳಿಯಬೇಕು. ಗೂಡಿನ ಒಳಗೆ ಕತ್ತಲು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಪ್ರತಿಯೊಂದು ಇರುವೆಯ ಹೊರಮೈಮೇಲೆ ಮೇಣದಂತಹ ಒಂದು ತೆಳುಲೇಪವಿದ್ದು ಅದರಲ್ಲಿ ಹೈಡ್ರೊಕಾರ್ಬನ್ನುಗಳೆಂಬ ರಾಸಾಯನಿಕಗಳು ಹಲವು ಪ್ರಮಾಣಗಳಲ್ಲಿ ಬೆರೆತಿರುತ್ತವೆ. ಇರುವೆಗಳು ಪರಸ್ಪರ ನೆಕ್ಕುವುದರಿಂದಲೂ ಮೈ ಉಜ್ಜುವುದರಿಂದಲೂ ಬಾಯಿಂದ ಬಾಯಿಗೆ ಆಹಾರ ಉಣಿಸುವುದರಿಂದಲೂ ಈ ಮಿಶ್ರಣ ಗೂಡಿನ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿ, ಆ ಗೂಡಿನ ವಾಸನೆಯಾಗುತ್ತದೆ. ಎದುರಿಗೆ ಬಂದದ್ದನ್ನು ಇರುವೆ ಕುಡಿಮೀಸೆಯಿಂದ ತಡವಿ ನೋಡಿ, ವಾಸನೆ ಹೊಂದಿದರೆ ಬಿಡುತ್ತದೆ, ಹೊಂದದಿದ್ದರೆ ಹಲ್ಲೆ ಮಾಡುತ್ತದೆ. ಇದರ ಜೊತೆಗೆ ಮರಿಗಳ ವಾಸನೆ, ಹಸಿವನ್ನು ತಿಳಿಸುವ ಸ್ಪರ್ಶ, ಅಪಾಯವನ್ನು ಸಾರುವ ರಾಸಾಯನಿಕ, ಮೈಯ ಭಾಗಗಳನ್ನು ಒಂದಕ್ಕೊಂದು ಉಜ್ಜಿ ಹೊರಡಿಸುವ ಸಣ್ಣ ಸದ್ದು ಇವೆಲ್ಲ ಸೇರಿ ಇರುವೆಯ ಭಾಷೆಯಾಗುತ್ತದೆ. ಲಕ್ಷಗಟ್ಟಲೆ ಸದಸ್ಯರಿರುವ ಸಂಸಾರ ಇಂಥ ಕೆಲವೇ ಸಂಕೇತಗಳ ಮೇಲೆ ನಡೆಯುತ್ತಿರುವುದರಿಂದ, ಒಂದೆರಡು ಸಂಕೇತಗಳನ್ನು ಸರಿಯಾಗಿ ನುಡಿಯಬಲ್ಲ ಪ್ರಾಣಿಗೆ, ಅದರ ರೂಪ ಎಂಥದೇ ಇರಲಿ, ಗೂಡಿನ ಬಾಗಿಲು ತೆರೆದುಬಿಡುತ್ತದೆ. ಇರುವೆಗೂಡಿನ ಅತಿಥಿಗಳ ಕಥೆಯೆಲ್ಲ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿದೆ.

ಇದನ್ನು ಅತ್ಯಂತ ತಾಳ್ಮೆಯಿಂದ ಬಿಡಿಸಿ ತೋರಿಸಿದವರು ಜರ್ಮನಿಯ ಬರ್ಟ್ ಹೋಲ್ಡಾಬ್ಲರ್. ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ಅವರು ಆರಿಸಿಕೊಂಡದ್ದು ಲೊಮೆಕುಸಾ ಪ್ಯೂಬಿಕಾಲಿಸ್ ಎಂಬ, ಅರ್ಧ ಸೆಂಟಿಮೀಟರಿನಷ್ಟು ಉದ್ದದ, ಕಂದುಬಣ್ಣದ ಯುರೋಪಿನ ದುಂಬಿಯನ್ನು. ಇದರ ಮರಿಗಳು ಬೇಸಿಗೆಯಲ್ಲಿ ಫಾರ್ಮಿಕಾ ಎಂಬ ಕಾಡಿರುವೆಗಳ ಗೂಡಿನೊಳಗೆ, ಇರುವೆಯ ಮರಿಗಳ ನಡುವೆಯೇ ಇರುತ್ತವೆ. ದಾದಿ ಇರುವೆಯೊಂದು ಹತ್ತಿರ ಬಂದು ಮುಟ್ಟಿದೊಡನೆ ದುಂಬಿಯ ಮರಿ ತನ್ನ ಮೈಯ ಮುಂಭಾಗವನ್ನು ಮೇಲಕ್ಕೆತ್ತಿ, ಇರುವೆಯ ಬಾಯಿಯನ್ನು ತನ್ನ ಬಾಯಿಯಿಂದ ತಟ್ಟುತ್ತದೆ. ಇರುವೆಯ ಮರಿ ಹಸಿವಾದಾಗ ಮಾಡುವುದೂ ಇದನ್ನೇ, ಆದರೆ ಅಷ್ಟು ಜೋರಾಗಿ ಅಲ್ಲ. ವಿಕಿರಣಶೀಲ ಗುರುತು ಹಾಕಿದ ಆಹಾರವನ್ನು ಇರುವೆಗಳಿಗೆ ಕೊಟ್ಟು ಅದು ಎಲ್ಲೆಲ್ಲಿಗೆ ಹೋಯಿತೆಂದು ಅಳೆದಾಗ, ದುಂಬಿಯ ಮರಿಗಳಿಗೆ ಇರುವೆಯ ಮರಿಗಳಿಗಿಂತ ಹೆಚ್ಚಿನ ಪಾಲು ಸಿಗುತ್ತಿದ್ದದ್ದು ಕಂಡುಬಂತು. ಅಷ್ಟೂ ಸಾಲದೆಂಬಂತೆ ಅವು ಅಕ್ಕಪಕ್ಕದ ಇರುವೆಮರಿಗಳನ್ನು ತಿನ್ನುತ್ತವೆ. ಒಂದನ್ನೊಂದು ತಿನ್ನುವ ಸ್ವಭಾವವೂ ಅವಕ್ಕಿರುವುದರಿಂದಲೇ ಅವುಗಳ ಸಂಖ್ಯೆ ಮಿತಿಯಲ್ಲಿದ್ದು ಗೂಡು ಪೂರ್ತಿಯಾಗಿ ನಾಶವಾಗುವುದಿಲ್ಲ.

ಮರಿಯ ಮೈಯಿಂದ ಒಸರುವ ಪದಾರ್ಥವೇ ಇರುವೆಗಳನ್ನು ಮರುಳುಮಾಡುತ್ತದೆಯೆ ಎಂದು ತಿಳಿಯಲು ಹೋಲ್ಡಾಬ್ಲರ್ ಮಾಡಿದ ಪ್ರಯೋಗ ಸರಳವೂ ಸುಂದರವೂ ಆದದ್ದು. ಮರಿಯ ಮೈಗೆ ಅರಗಿನ ಲೇಪ ಹಚ್ಚಿ ಆ ಒಸರು ಹೊರಬರದಂತೆ ಮಾಡಿದಾಗ ಇರುವೆಗಳು ಅದನ್ನು ಸಾಕುವುದನ್ನು ಬಿಟ್ಟು ಕಸದೊಡನೆ ಎಸೆದವು. ಅದೇ ಮರಿಗಳಿಂದ ತೆಗೆದ ಸಾರದಲ್ಲಿ ಅದ್ದಿದ ಸೋಸುಕಾಗದದ ಚೂರುಗಳನ್ನು ಎತ್ತಿಕೊಂಡು ಹೋಗಿ ಮರಿಗಳ ಕೋಣೆಯಲ್ಲಿಟ್ಟವು. ಕಾಗದದ ಚೂರಿಗೂ ಮರಿಗೂ ಇರುವ ವ್ಯತ್ಯಾಸ ಇರುವೆಗೆ ಮುಖ್ಯವಲ್ಲ. ವಾಸನೆ ಸರಿಯಾಗಿದ್ದರೆ ಅದು ಮರಿಯೇ.

ಶರತ್ಕಾಲದಲ್ಲಿ ಕೋಶ ಒಡೆದು ಹೊರಬಂದ ದುಂಬಿ ಫಾರ್ಮಿಕಾ ಗೂಡಿನಲ್ಲಿ ಉಳಿಯುವುದಿಲ್ಲ. ಚಳಿಗಾಲದಲ್ಲಿ ಕಾಡಿರುವೆಗಳು ಮರಿ ಬೆಳೆಸುವುದನ್ನು ನಿಲ್ಲಿಸುತ್ತವೆ, ಹಾಗಾಗಿ ಅಲ್ಲಿ ಆಹಾರದ ಹರಿವು ಕಡಿಮೆಯಾಗುತ್ತದೆ. ಬಯಲು ಹುಲ್ಲುಗಾವಲಿನ ಮಿರ್ಮಿಕಾ ಎಂಬ ಸಣ್ಣ ಇರುವೆಗಳ ಗೂಡಿನಲ್ಲಾದರೋ ಚಳಿಗಾಲದುದ್ದಕ್ಕೂ ಮರಿಗಳಿರುತ್ತವೆ. ದುಂಬಿ ಗಾಳಿಯಲ್ಲಿ ಬರುವ ವಾಸನೆಯ ಜಾಡು ಹಿಡಿದು ಅಲ್ಲಿಗೆ ಹೋಗುತ್ತದೆ. ಬಾಗಿಲಲ್ಲಿ ಎದುರಾದ ಇರುವೆಗೆ ಅದು ಮೊದಲು ಒಡ್ಡುವುದು ಹೊಟ್ಟೆಯ ತುದಿಯನ್ನು. ಅಲ್ಲಿರುವ ಗ್ರಂಥಿಯ ಒಸರನ್ನು ನೆಕ್ಕಿದ ಇರುವೆಯ ಸಿಟ್ಟು ತಣಿಯುತ್ತದೆ. ಆಮೇಲೆ ಇರುವೆ ದುಂಬಿಯ ಹೊಟ್ಟೆಯ ಎರಡೂ ಪಕ್ಕದಲ್ಲಿರುವ ಇನ್ನೊಂದು ಸಾಲು ಗ್ರಂಥಿಗಳತ್ತ ಸರಿದು, ಅವುಗಳ ಸುತ್ತ ಇರುವ ಬಿರುಗೂದಲುಗಳನ್ನು ದವಡೆಯಲ್ಲಿ ಹಿಡಿದು, ದುಂಬಿಯನ್ನು ಎತ್ತಿಕೊಂಡು ನೇರವಾಗಿ ಮರಿಗಳ ಕೋಣೆಗೆ ಹೋಗುತ್ತದೆ. ಈ ಪಕ್ಕದ ಗ್ರಂಥಿಗಳನ್ನು ಮುಚ್ಚಿಬಿಟ್ಟರೆ ದುಂಬಿಗೆ ಪ್ರವೇಶವಿಲ್ಲ. ವಸಂತದಲ್ಲಿ ಅದು ಮತ್ತೆ ಕಾಡಿಗೆ, ಫಾರ್ಮಿಕಾ ಗೂಡಿಗೆ ಹಿಂದಿರುಗಿ ಮೊಟ್ಟೆಯಿಡುತ್ತದೆ. ಎರಡು ಬೇರೆಬೇರೆ ಬಗೆಯ ಇರುವೆಗಳ ಭಾಷೆಯನ್ನು ಒಂದೇ ಜೀವಿತದಲ್ಲಿ ಬಳಸುವ ಈ ದುಂಬಿಯನ್ನು ಮೀರಿಸುವ ಅತಿಥಿ ಇನ್ನೊಂದಿಲ್ಲವೆಂದರೂ ತಪ್ಪಾಗಲಾರದು.

ಎಲ್ಲ ಅತಿಥಿಗಳೂ ಹೀಗೆ ತಮ್ಮದೇ ರಾಸಾಯನಿಕಗಳನ್ನು ತಯಾರಿಸಿಕೊಳ್ಳುವುದಿಲ್ಲ. ಕೆಲವು ಗೂಡಿನ ವಾಸನೆಯನ್ನೇ ಕದಿಯುತ್ತವೆ. ಮಲೇಷ್ಯಾದಲ್ಲಿ ಲೆಪ್ಟೊಜೆನಿಸ್ ಇರುವೆಗಳೊಡನೆ ಇರುವ ಒಂದು ಬೆಳ್ಳಿಹುಳು, ಆಗತಾನೆ ಕೋಶದಿಂದ ಹೊರಬಂದ, ಇನ್ನೂ ಮೈ ಗಟ್ಟಿಯಾಗದ, ಜಗಳಕ್ಕೆ ಬಾರದ ಎಳೆಯ ಇರುವೆಗಳಿಗೆ ಮತ್ತೆಮತ್ತೆ ಮೈ ಉಜ್ಜಿಕೊಂಡು ಅವುಗಳ ಮೇಣವನ್ನು ತನ್ನ ಮೈಗೆ ಹಚ್ಚಿಕೊಳ್ಳುತ್ತದೆ. ಸಂಶೋಧಕರು ಅದನ್ನು ಕೆಲವು ದಿನ ಇರುವೆಗಳಿಂದ ಬೇರ್ಪಡಿಸಿಟ್ಟು ಮತ್ತೆ ಬಿಟ್ಟಾಗ, ಅದರ ಮೈಮೇಲಿನ ವಾಸನೆ ತೆಳುವಾಗಿದ್ದರಿಂದ ಅದೇ ಇರುವೆಗಳು ಅದರ ಮೇಲೆ ಹೆಚ್ಚಾಗಿ ಹಲ್ಲೆ ಮಾಡಿದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಕಾಸ್ಮೊಫೇಸಿಸ್ ಎಂಬ ಜಿಗಿಯುವ ಜೇಡವಂತೂ ಎಲೆ ಹೊಲಿಯುವ ಇರುವೆಗಳ ಮರಿಹುಳುಗಳನ್ನು ತಿಂದೇ ಅವುಗಳ ವಾಸನೆಯನ್ನು ಮೈಗೂಡಿಸಿಕೊಳ್ಳುತ್ತದೆ. ಕೆಲಸಗಾರ ಇರುವೆ ಹೊತ್ತೊಯ್ಯುತ್ತಿರುವ ಮರಿಯನ್ನು ಅದರ ದವಡೆಯಿಂದಲೇ ತೆಗೆದುಕೊಂಡರೂ ಇರುವೆಗೆ ಅನುಮಾನ ಬರುವುದಿಲ್ಲ.

ಎಲೆ ಹೊಲಿಯುವ ಈ ಕೆಂಪಿರುವೆಗಳು ಕರ್ನಾಟಕದವರಿಗೆ ಹೊಸಬರಲ್ಲ. ಮಲೆನಾಡಿನಲ್ಲಿ ಚಗಳಿ ಎಂದು ಕರೆಯುವ, ಚಟ್ನಿಯನ್ನೂ ಮಾಡುವ ಇರುವೆ ಇದೇ. ಮಾವು, ಹಲಸು, ಗೇರು ಮರಗಳಲ್ಲಿ ಕೆಲಸಗಾರ ಇರುವೆಗಳು ಸಾಲುಗಟ್ಟಿ ಎಲೆಯಂಚುಗಳನ್ನು ಹತ್ತಿರಕ್ಕೆ ಎಳೆದು ಹಿಡಿದಿರುವಾಗ ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯೆಳೆಯಿಂದ ಎಲೆಗಳನ್ನು ಬೆಸೆಯುತ್ತವೆ. ಆ ಗೂಡನ್ನು ತಾಗಿದವರಿಗೆ ಅದರ ಕಡಿತದ ಉರಿ ಎಂಥದೆಂದು ಹೇಳಬೇಕಾಗಿಲ್ಲ. ಪಶ್ಚಿಮಘಟ್ಟವೂ ಸೇರಿದಂತೆ ಭಾರತದಿಂದ ಆಸ್ಟ್ರೇಲಿಯಾದವರೆಗೆ ಈ ಗೂಡುಗಳೊಳಗೆ ಬೆಳೆಯುವ ಒಂದು ಚಿಟ್ಟೆಯಿದೆ. ಲೈಫೈರಾ ಬ್ರಾಸೋಲಿಸ್ ಎಂದು ಅದರ ಶಾಸ್ತ್ರೀಯ ಹೆಸರು, ದಪ್ಪಮೈಯಿಂದಾಗಿ ಪತಂಗದಂತೆ ಕಾಣುವುದರಿಂದ ಮಾತ್ ಬಟರ್‌ಫ್ಲೈ ಎಂದು ಬಳಕೆಯ ಹೆಸರು. ಇದರ ಮರಿಹುಳು ವಾಸನೆಯ ನಾಟಕಕ್ಕಿಂತ ಕವಚವನ್ನು ನೆಚ್ಚುತ್ತದೆ. ಅದು ಅಂಡಾಕಾರದ, ಚಪ್ಪಟೆಯಾದ, ಚಕ್ಕಳದಂತೆ ಗಟ್ಟಿಯಾದ ಮೈಯುಳ್ಳದ್ದು; ತಲೆಯೂ ಕಾಲುಗಳೂ ಪೂರ್ತಿಯಾಗಿ ಕೆಳಗೆ ಅಡಗಿರುತ್ತವೆ. ಮೈಯಂಚನ್ನು ಎಲೆಗೆ ಒತ್ತಿ ಕುಳಿತರೆ ಇರುವೆಯ ದವಡೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಅದನ್ನು ಮಗುಚಲೂ ಆಗುವುದಿಲ್ಲ. ಹೀಗೆ ಕುಳಿತಲ್ಲಿಂದಲೇ ಅದು ಸುತ್ತಲಿನ ಇರುವೆಮರಿಗಳನ್ನು ಒಂದೊಂದಾಗಿ ಅಡಿಗೆಳೆದುಕೊಂಡು ತಿನ್ನುತ್ತದೆ. ಕೋಶವಾಗುವಾಗಲೂ ಆ ಹಳೆಯ ಚರ್ಮವನ್ನು ಕಳಚದೆ ಅದರೊಳಗೇ ಉಳಿಯುತ್ತದೆ. ಕೊನೆಗೆ ಚಿಟ್ಟೆಯಾಗಿ ಹೊರಬರುವಾಗ, ಕವಚವಿಲ್ಲದ ಆ ಕೆಲವು ಗಳಿಗೆಗಳಿಗಾಗಿ, ಅದರ ಮೈತುಂಬ ಸುಲಭವಾಗಿ ಉದುರುವ ಬಿಳಿಯ ಹುರುಪೆಗಳಿರುತ್ತವೆ. ಮೇಲೆರಗಿದ ಇರುವೆಗಳ ದವಡೆಗೂ ಮೀಸೆಗೂ ಆ ಹುರುಪೆ ಮೆತ್ತಿಕೊಂಡು, ಅವು ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಗೂಡಿನಿಂದ ಹೊರಬಿದ್ದು ರೆಕ್ಕೆ ಬಿಚ್ಚುತ್ತದೆ.

ಚಿಟ್ಟೆಗಳಲ್ಲಿ ಲೈಸೀನಿಡ್ ಎಂಬ ಪುಟ್ಟ ನೀಲಿಚಿಟ್ಟೆಗಳ ಕುಟುಂಬಕ್ಕೆ ಇರುವೆಗಳೊಡನೆ ಇರುವ ನಂಟು ವಿಶೇಷವಾದದ್ದು. ಲೈಫೈರಾ ಕೂಡ ಇದೇ ಕುಟುಂಬದ್ದು. ಹೆಚ್ಚಿನವುಗಳಲ್ಲಿ ಅದು ಕೊಡುಕೊಳ್ಳುವ ನಂಟು: ಮರಿಹುಳು ಬೆನ್ನಿನ ಗ್ರಂಥಿಯಿಂದ ಸಿಹಿಹನಿ ಕೊಡುತ್ತದೆ, ಇರುವೆ ಅದನ್ನು ಕಣಜ ಜೇಡಗಳಿಂದ ಕಾಯುತ್ತದೆ. ಆದರೆ ಈ ವ್ಯಾಪಾರವೂ ಮೇಲೆ ಕಂಡಷ್ಟು ಸಮಪಾಲಿನದಲ್ಲ. ಜಪಾನಿನ ಒಂದು ನೀಲಿಚಿಟ್ಟೆಯ ಮರಿಹುಳುವಿನ ಹನಿಯನ್ನು ಕುಡಿದ ಇರುವೆಗಳ ಮಿದುಳಿನಲ್ಲಿ ಡೋಪಮಿನ್ ಎಂಬ ನರರಾಸಾಯನಿಕದ ಮಟ್ಟ ಇಳಿದು, ಅವು ಮರಿಹುಳುವನ್ನು ಬಿಟ್ಟು ತಮ್ಮ ಗೂಡಿಗೆ ಹೋಗುವುದೇ ಕಡಿಮೆಯಾಗುತ್ತದೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಂಬಳವೆಂದು ಕಂಡದ್ದರಲ್ಲಿ ಮದ್ದೂ ಬೆರೆತಿತ್ತು.

ಸದ್ದಿನ ಮಾತೂ ಇದೆ. ಯುರೋಪಿನ ಫೆಂಗಾರಿಸ್ ರೆಬೆಲಿ ಎಂಬ ನೀಲಿಚಿಟ್ಟೆಯ ಮರಿಹುಳುಗಳನ್ನು ಮಿರ್ಮಿಕಾ ಇರುವೆಗಳು ಗೂಡಿಗೆ ಒಯ್ದು, ತಮ್ಮ ಮರಿಗಳಿಗಿಂತ ಮಿಗಿಲಾಗಿ ಉಣಿಸುತ್ತವೆ. ಆಹಾರಕ್ಕೆ ಅಭಾವ ಬಂದಾಗ ತಮ್ಮ ಮರಿಗಳನ್ನೇ ಕೊಂದು ಇವುಗಳಿಗೆ ಕೊಡುವುದೂ ಉಂಟು. ವಾಸನೆಯಷ್ಟರಿಂದಲೇ ಇಷ್ಟು ಮರ್ಯಾದೆ ಸಿಗಲಾರದೆಂಬ ಶಂಕೆಗೆ 2009ರಲ್ಲಿ ಉತ್ತರ ಸಿಕ್ಕಿತು: ಈ ಮರಿಹುಳುಗಳೂ ಅವುಗಳ ಕೋಶಗಳೂ ಹೊರಡಿಸುವ ಸಣ್ಣ ಸದ್ದು ಕೆಲಸಗಾರ ಇರುವೆಯ ಸದ್ದಿಗಿಂತ ರಾಣಿ ಇರುವೆಯ ಸದ್ದಿಗೆ ಹತ್ತಿರವಾಗಿತ್ತು, ಧ್ವನಿಮುದ್ರಿಸಿ ಕೇಳಿಸಿದಾಗ ಇರುವೆಗಳು ರಾಣಿಯನ್ನು ಕಾಯುವ ಭಂಗಿಯಲ್ಲೇ ನಿಂತವು. ಇಷ್ಟು ಭದ್ರವಾಗಿ ಕುಳಿತ ಮರಿಹುಳುವನ್ನೂ ಹುಡುಕಿಕೊಂಡು ಬರುವ ಇನ್ನೊಂದು ಜೀವಿಯಿದೆ, ಇಕ್ನ್ಯೂಮನ್ ಯೂಮೆರಸ್ ಎಂಬ ಕಣಜ. ಅದು ಚಿಟ್ಟೆಯ ಮರಿಹುಳು ಇರುವ ಗೂಡಿಗೇ ನುಗ್ಗಿ, ಇರುವೆಗಳು ಒಂದರ ಮೇಲೊಂದು ಬೀಳುವಂತೆ ಮಾಡುವ ರಾಸಾಯನಿಕಗಳನ್ನು ಬಿಡುತ್ತದೆ. ಇರುವೆಗಳು ತಮ್ಮೊಳಗೇ ಕಚ್ಚಾಡುತ್ತಿರುವಾಗ ಒಂದೊಂದು ಮರಿಹುಳುವಿನಲ್ಲಿ ಒಂದೊಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮುಂದೆ ಆ ಚಿಟ್ಟೆಯ ಕೋಶದಿಂದ ಹೊರಬರುವುದು ಚಿಟ್ಟೆಯಲ್ಲ, ಕಣಜ.

ಇಂಥ ದೊಡ್ಡ ವೇಷಧಾರಿಗಳ ನಡುವೆ ಚಿಲ್ಲರೆ ಕಳ್ಳರನ್ನೂ ತಿರುಕರನ್ನೂ ಮರೆಯಬಾರದು. ಇರುವೆಯ ಹೊಟ್ಟೆಯಲ್ಲಿ ತನ್ನ ಜೀರ್ಣಕ್ಕಲ್ಲದೆ ಇತರರಿಗೆ ಹಂಚಲೆಂದೇ ಆಹಾರ ತುಂಬಿಕೊಳ್ಳುವ ಒಂದು ಚೀಲವಿರುತ್ತದೆ. ಹಸಿದ ಇರುವೆ ಕೇಳಿದಾಗ ತುಂಬಿದ ಇರುವೆ ಅದರಿಂದ ಒಂದು ಹನಿಯನ್ನು ಬಾಯಿಗೆ ತಂದು ಕೊಡುತ್ತದೆ. ಫ್ರಾನ್ಸಿನ ಚಾರ್ಲ್ ಜಾನೆ 1896ರಲ್ಲಿ ವರ್ಣಿಸಿದಂತೆ, ಅಟೆಲುರಾ ಎಂಬ ಬೆಳ್ಳಿಹುಳು ಹೀಗೆ ಎರಡು ಇರುವೆಗಳು ಬಾಯಿಗೆ ಬಾಯಿ ಕೊಟ್ಟು ನಿಂತಿರುವಾಗ ನಡುವೆ ನುಸುಳಿ, ಆ ಹನಿಯನ್ನು ಹೀರಿ ಓಡಿಬಿಡುತ್ತದೆ. ಅದು ಸಿಕ್ಕಿಬೀಳದಿರುವುದು ವೇಗದಿಂದ ಮಾತ್ರ. ಆಂಟೆನ್ನೊಫೊರಸ್ ಎಂಬ ನುಸಿ ಇರುವೆಯ ಗದ್ದದ ಕೆಳಗೇ ನೇತಾಡುತ್ತಿದ್ದು, ಮೀಸೆಯಂತೆ ಉದ್ದವಾದ ಮುಂಗಾಲುಗಳಿಂದ ಬಾಯಿ ತಡವಿ ಹನಿ ಬೇಡುತ್ತದೆ. ಒಂದೇ ಇರುವೆಯ ಮೇಲೆ ಎರಡು ನುಸಿಗಳಿದ್ದರೆ ಅವು ಭಾರ ಒಂದೇ ಕಡೆಗೆ ವಾಲದಂತೆ ಎಡಕ್ಕೊಂದು ಬಲಕ್ಕೊಂದು ಕೂರುತ್ತವೆಂಬುದೂ ಜಾನೆಯೇ ಗಮನಿಸಿದ ಸಂಗತಿ. ಆಂಫೋಟಿಸ್ ಎಂಬ ದುಂಬಿ ಗೂಡಿನ ದಾರಿಯಲ್ಲೇ ಕಾದು ನಿಂತು, ಹೊಟ್ಟೆ ತುಂಬಿಕೊಂಡು ಹಿಂದಿರುಗುವ ಇರುವೆಗಳಿಂದ ಹನಿ ಬೇಡಿ ಕುಡಿಯುತ್ತದೆ. ಮೋಸ ತಿಳಿದ ಇರುವೆ ತಿರುಗಿಬಿದ್ದರೆ ಕಾಲು ಮೀಸೆಗಳನ್ನು ಒಳಗೆಳೆದು ನೆಲಕ್ಕೆ ಅಂಟಿಕೊಳ್ಳುತ್ತದೆ. ಮೂರು ನಾಲ್ಕು ಮಿಲಿಮೀಟರು ಉದ್ದದ ಮಿರ್ಮೆಕೊಫಿಲಸ್ ಚಿಮ್ಮಂಡೆಗಳಲ್ಲಿ ಒಂದೇ ಕುಲದೊಳಗೆ ಎರಡು ಬಾಳುವೆಗಳಿವೆ: ಹಲವು ಇರುವೆಗಳ ಗೂಡಿನಲ್ಲಿ ಕಾಣುವವು ಚುರುಕಾಗಿ ತಪ್ಪಿಸಿಕೊಂಡು ಕದ್ದು ತಿನ್ನುತ್ತವೆ, ಒಂದೇ ಇರುವೆಯನ್ನು ನಂಬಿದವು ಓಡುವುದನ್ನು ಬಿಟ್ಟು ಇರುವೆಯ ಬಾಯಿಂದಲೇ ಉಣ್ಣುತ್ತವೆ.

ಇವಾವ ಗೊಡವೆಯೂ ಇಲ್ಲದೆ ಗೂಡಿನ ಕಸದಲ್ಲಿ ಬದುಕುವವೂ ಉಂಟು. ಬಿಳಿಯ, ಕಣ್ಣಿಲ್ಲದ, ಮೈಕೆಳಗಿನ ಸಣ್ಣ ಕವಲಿನಿಂದ ನೆಲವನ್ನು ಒದ್ದು ನೆಗೆಯುವ ಸ್ಪ್ರಿಂಗ್‌ಟೇಲ್‌ಗಳು, ಹಾಗೆಯೇ ಬಿಳಿಯ ಕುರುಡು ಐಸೊಪಾಡ್‌ಗಳು ಬೂಷ್ಟು, ಹಿಕ್ಕೆ, ಚೂರುಪಾರುಗಳನ್ನು ತಿಂದುಕೊಂಡಿರುತ್ತವೆ. ಇವುಗಳಿಂದ ಇರುವೆಗಳಿಗೆ ನಷ್ಟವಿಲ್ಲ, ಬಹುಶಃ ಕೋಣೆಗಳು ಚೊಕ್ಕಟವಾಗುವಷ್ಟು ಲಾಭವೇ ಇರಬಹುದು.

ಇರುವೆಗಳೇ ಬೇಕೆಂದು ಇಟ್ಟುಕೊಂಡವುಗಳ ಕಥೆ ಬೇರೆ. ನೆಲದಡಿಯಲ್ಲಿ ಬೇರಿನ ರಸ ಹೀರುವ ಹಿಟ್ಟುತಿಗಣೆಗಳನ್ನು, ಅವು ವಿಸರ್ಜಿಸುವ ಸಿಹಿದ್ರವಕ್ಕಾಗಿ, ಇರುವೆಗಳು ಕಾಯುತ್ತವೆ. ಕೊಡಗು, ವಯನಾಡಿನ ಕರಿಮೆಣಸು ಬೆಳೆಗಾರರು ಬಳ್ಳಿಯ ಬೇರಿನಲ್ಲಿ ಈ ಜೋಡಿಯನ್ನು ಕಂಡವರೇ. ಭಾರತದಲ್ಲಿಯೂ ಇರುವ ಅಕ್ರೊಪೈಗಾ ಎಂಬ ಹಳದಿ ಇರುವೆಗಳಲ್ಲಿ ಈ ಸಾಕಣೆ ಎಷ್ಟು ಗಟ್ಟಿಯೆಂದರೆ, ಹೊಸ ಗೂಡು ಕಟ್ಟಲು ಹಾರಿಹೋಗುವ ಎಳೆಯ ರಾಣಿ ತವರಿನ ಒಂದು ಹಿಟ್ಟುತಿಗಣೆಯನ್ನು ದವಡೆಯಲ್ಲಿ ಕಚ್ಚಿಕೊಂಡೇ ಹಾರುತ್ತದೆ. ಇದಕ್ಕೆ ತಿರುವುಮುರುವಾದ ದೃಶ್ಯ ಅಮೆರಿಕದ ಎಲೆ ಕತ್ತರಿಸುವ ಇರುವೆಗಳಲ್ಲಿದೆ. 1900ರಲ್ಲಿ ವೀಲರ್ ಟೆಕ್ಸಸ್ಸಿನಲ್ಲಿ ಕಂಡು ವರ್ಣಿಸಿದ ಅಟ್ಟಾಫಿಲಾ ಎಂಬ, ಮೂರು ಮಿಲಿಮೀಟರಿನಷ್ಟೇ ಇರುವ ಜಿರಲೆ ಆ ಇರುವೆಗಳ ಶಿಲೀಂಧ್ರದ ತೋಟದಲ್ಲಿ ವಾಸಿಸುತ್ತದೆ. ರಾಣಿಗಳು ಹಾರುವ ದಿನ ಅದು ತಾನಾಗಿಯೇ ಅವುಗಳ ಮೈಗೆ ಅಂಟಿಕೊಂಡು ಹೊಸ ಊರಿಗೆ ಹೊರಡುತ್ತದೆ.

ಗೂಡೇ ನಿಲ್ಲದೆ ಸಾಗುವ ದಂಡಿರುವೆಗಳ ಜೊತೆಗೆ ಇರುವವರಿಗೆ ಅಂಟಿಕೊಳ್ಳುವ ಈ ಕಲೆ ಜೀವನಾವಶ್ಯಕ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಎಸಿಟಾನ್ ಇರುವೆಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೇಟೆಯಾಡುತ್ತ ಬಿಡಾರ ಬದಲಿಸುತ್ತಿರುತ್ತವೆ. ಅವುಗಳಲ್ಲಿ ಒಂದೇ ಪ್ರಭೇದವಾದ ಎಸಿಟಾನ್ ಬರ್ಚೆಲಿಯನ್ನು ಆಶ್ರಯಿಸಿದ ಪ್ರಾಣಿಪ್ರಭೇದಗಳು 300ಕ್ಕೂ ಹೆಚ್ಚೆಂದು ಬದುಕಿನುದ್ದಕ್ಕೂ ಅವನ್ನೇ ಅಭ್ಯಾಸ ಮಾಡಿದ ಕಾರ್ಲ್ ರೆಟನ್‌ಮೇಯರ್ ಮತ್ತು ಅವರ ಸಂಗಡಿಗರು ಹಾಕಿದ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಅದರ ಬಳಗದ ಇನ್ನೊಂದು ಇರುವೆಯ ಹಿಂಗಾಲಿನ ತುದಿಯನ್ನು ಕಚ್ಚಿ ನೇತಾಡುವ ನುಸಿಯೊಂದಿದೆ. ಇರುವೆಗಳು ಒಂದರ ಕಾಲಿಗೊಂದು ಕೊಂಡಿ ಹಾಕಿಕೊಂಡು ಜೀವಂತ ಬಿಡಾರ ಕಟ್ಟುವಾಗ ಆ ನುಸಿಯ ಹಿಂಗಾಲುಗಳೇ ಇರುವೆಯ ಉಗುರಿನ ಕೆಲಸ ಮಾಡುತ್ತವೆ. ಕೋಸ್ಟರಿಕಾದಿಂದ 2017ರಲ್ಲಿ ವರ್ಣಿಸಲಾದ ನಿಂಫಿಸ್ಟರ್ ಕ್ರೊನಾವರಿ ಎಂಬ ಒಂದೂವರೆ ಮಿಲಿಮೀಟರಿನ ದುಂಬಿ ಇರುವೆಯ ಸಪುರ ನಡುವನ್ನು ದವಡೆಯಿಂದ ಕಚ್ಚಿ ಹಿಡಿದು ಪ್ರಯಾಣ ಮಾಡುತ್ತದೆ. ಅದರ ಬಣ್ಣ, ಗಾತ್ರ, ಹೊಳಪು ಇರುವೆಯ ಹೊಟ್ಟೆಯನ್ನೇ ಹೋಲುವುದರಿಂದ ಅದನ್ನು ಹೊತ್ತ ಇರುವೆಗೆ ಎರಡು ಹೊಟ್ಟೆಗಳಿರುವಂತೆ ಕಾಣುತ್ತದೆ.

ಈ ಸಹವಾಸ ಎಷ್ಟು ಹಳೆಯದೆಂಬುದಕ್ಕೆ ಮುಖ್ಯವಾದ ಸಾಕ್ಷಿಯೊಂದು ಭಾರತದ ನೆಲದಲ್ಲೇ ಸಿಕ್ಕಿತು. ಗುಜರಾತಿನ ಖಂಭಾತ್ ಪ್ರದೇಶದ ಲಿಗ್ನೈಟ್ ಗಣಿಗಳಲ್ಲಿ, ಪ್ರಾಚೀನ ಮರಗಳ ಅಂಟು ಕಲ್ಲಾಗಿ ಉಳಿದ ಅಂಬರ್ ಸಿಗುತ್ತದೆ. ಅದರ ಒಂದು ತುಂಡಿನೊಳಗೆ ಸುಮಾರು 5.2 ಕೋಟಿ ವರ್ಷಗಳಿಂದ ಹುದುಗಿದ್ದ ಪುಟ್ಟ ದುಂಬಿಯನ್ನು ಜೋಸೆಫ್ ಪಾರ್ಕರ್ ಮತ್ತು ಡೇವಿಡ್ ಗ್ರಿಮಾಲ್ಡಿ 2014ರಲ್ಲಿ ಪ್ರೊಟೊಕ್ಲಾವಿಜರ್ ಎಂದು ಹೆಸರಿಸಿದರು. ಇದರ ಇಂದಿನ ಬಂಧುಗಳಾದ ಕ್ಲಾವಿಜರ್ ದುಂಬಿಗಳನ್ನು ಇರುವೆಗಳು ಬಾಯಿಂದ ಉಣಿಸುವುದನ್ನು ಜರ್ಮನಿಯ ಮ್ಯುಲರ್ 1818ರಷ್ಟು ಹಿಂದೆಯೇ ವರ್ಣಿಸಿದ್ದ. ಆ ದುಂಬಿಗಳ ಹೊಟ್ಟೆಯ ಬುಡದಲ್ಲಿ ಇರುವೆಗಳು ನೆಕ್ಕುವ ಕೂದಲಗುಚ್ಛವಿದ್ದು, ಹೊಟ್ಟೆಯ ಹಲಗೆಗಳು ಒಂದಾಗಿ ಬೆಸೆದುಕೊಂಡಿರುತ್ತವೆ. ಗುಜರಾತಿನ ಪಳೆಯುಳಿಕೆಯಲ್ಲಿ ಕೂದಲಗುಚ್ಛ ಆಗಲೇ ಇದೆ, ಹಲಗೆಗಳು ಮಾತ್ರ ಇನ್ನೂ ಬೇರೆಬೇರೆಯಾಗಿವೆ. ಅಂದರೆ ಸ್ವತಂತ್ರ ದುಂಬಿ ಇರುವೆಯ ಅತಿಥಿಯಾಗುವ ದಾರಿಯ ನಡುವಿನ ಒಂದು ಹೆಜ್ಜೆ ಅಲ್ಲಿ ಉಳಿದುಕೊಂಡಿದೆ. ಬರ್ಮಾದ ಅಂಬರಿನಲ್ಲಿ 9.9 ಕೋಟಿ ವರ್ಷ ಹಳೆಯ ಇನ್ನೊಂದು ಅತಿಥಿದುಂಬಿಯೂ 2019ರಲ್ಲಿ ವರ್ಣಿತವಾಯಿತು. ದಂಡಿರುವೆಗಳ ಸಂಗಡ ಇರುವ ರೋವ್ ಎಂಬ ಬಗೆಯ ದುಂಬಿಗಳ ವಂಶಾವಳಿಯನ್ನು ಡಿಎನ್‌ಎಯಿಂದ ಕಟ್ಟಿದಾಗಲಂತೂ, ಇರುವೆಯನ್ನೇ ಹೋಲುವ ಸಪುರ ನಡುವಿನ, ಉದ್ದಕಾಲಿನ ದೇಹ ಕನಿಷ್ಠ ಹನ್ನೆರಡು ಬಾರಿ ಬೇರೆಬೇರೆಯಾಗಿ ರೂಪುಗೊಂಡದ್ದು ಕಂಡುಬಂತು. ಒಂದೇ ಬಾಗಿಲಿಗೆ ಅಷ್ಟು ಮನೆತನಗಳು ಒಂದೇ ಬಗೆಯ ಕೀಲಿಯನ್ನು ಮಾಡಿಕೊಂಡಿದ್ದವು.

ಅತಿಥಿಯ ಬದುಕು ಇರುವೆಯ ಬದುಕಿಗೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿರುತ್ತದೆಂಬುದನ್ನು ಬ್ರಿಟನ್ ಒಂದು ಚಿಟ್ಟೆಯನ್ನು ಕಳೆದುಕೊಂಡು ಕಲಿಯಿತು. ಲಾರ್ಜ್ ಬ್ಲೂ ಎಂಬ ಆ ನೀಲಿಚಿಟ್ಟೆ ಕಾಡು ಥೈಮ್ ಎಂಬ ಸುವಾಸನೆಯ ಕಿರುಗಿಡದ ಹೂಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕೆಲವು ವಾರ ಹೂವನ್ನು ತಿಂದು, ಇನ್ನೂ ಕಾಳಿನಷ್ಟೇ ಇರುವಾಗ ನೆಲಕ್ಕೆ ಉದುರಿ, ಇರುವೆ ಬಂದು ಕಾಣುವವರೆಗೆ ಕಾಯುತ್ತದೆ. ಬಂದ ಮಿರ್ಮಿಕಾ ಇರುವೆಗೆ ಸಿಹಿಹನಿ ಕೊಟ್ಟು, ಆಮೇಲೆ ಮೈ ಉಬ್ಬಿಸಿ ಇರುವೆಯ ಮರಿಯಂತೆ ಬಾಗಿದಾಗ ಇರುವೆ ಅದನ್ನು ಗೂಡಿಗೆ ಒಯ್ಯುತ್ತದೆ. ಅಲ್ಲಿ ಅದು ಹತ್ತು ತಿಂಗಳು ಇರುವೆಮರಿಗಳನ್ನು ತಿಂದು, ತನ್ನ ಅಂತಿಮ ತೂಕದ ಬಹುತೇಕ ಎಲ್ಲವನ್ನೂ ಗಳಿಸುತ್ತದೆ. ಚಿಟ್ಟೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾಗ ಸಂಗ್ರಹಕಾರರೇ ಕಾರಣವೆಂದು ಭಾವಿಸಿ ಅದರ ನೆಲೆಗಳಿಗೆ ಬೇಲಿ ಹಾಕಲಾಯಿತು. ಬೇಲಿ ಚಿಟ್ಟೆ ಹಿಡಿಯುವವರ ಜೊತೆಗೆ ದನಕುರಿಗಳನ್ನೂ ದೂರವಿಟ್ಟಿತು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗದಿಂದ ಮೊಲಗಳು ಅಪಾರವಾಗಿ ಸತ್ತವು. ಮೇಯುವವರಿಲ್ಲದೆ ಹುಲ್ಲು ಬೆಳೆಯಿತು.

ಆಗ ಏನಾಯಿತೆಂಬುದನ್ನು ಎಪ್ಪತ್ತರ ದಶಕದಲ್ಲಿ ಬಯಲಲ್ಲೇ ಕುಳಿತು ಕಂಡುಹಿಡಿದವರು ಜೆರೆಮಿ ಥಾಮಸ್. ಗಿಡದ ಬಳಿ ಹಲವು ಬಗೆಯ ಮಿರ್ಮಿಕಾ ಇರುವೆಗಳಿದ್ದು ಎಲ್ಲವೂ ಮರಿಹುಳುವನ್ನು ಎತ್ತಿಕೊಂಡು ಹೋಗುತ್ತವೆಯಾದರೂ ಅದು ಚೆನ್ನಾಗಿ ಬದುಕಿ ಉಳಿಯುವುದು ಮಿರ್ಮಿಕಾ ಸಬುಲೆಟಿ ಎಂಬ ಒಂದರ ಗೂಡಿನಲ್ಲಿ. ಆ ಇರುವೆಗೆ ಬಿಸಿಲು ಬಿದ್ದು ಬೆಚ್ಚಗಾದ ಮಣ್ಣು ಬೇಕು. ಹುಲ್ಲು ಕೆಲವೇ ಸೆಂಟಿಮೀಟರು ಎತ್ತರವಾದರೂ ನೆಲ ತಣ್ಣಗಾಗಿ, ಸಬುಲೆಟಿ ಹಿಂದೆ ಸರಿದು, ಅದರ ಜಾಗಕ್ಕೆ ಬೇರೆ ಮಿರ್ಮಿಕಾ ಬರುತ್ತದೆ. ಕಣ್ಣಿಗೆ ಹುಲ್ಲುಗಾವಲು ಹಾಗೆಯೇ ಇತ್ತು, ಥೈಮ್ ಹೂವೂ ಇತ್ತು, ಇರುವೆಗಳೂ ಇದ್ದವು. ಆದರೆ ಚಿಟ್ಟೆಗೆ ಬೇಕಾದ ಇರುವೆ ಇರಲಿಲ್ಲ. ಈ ತಿಳಿವಳಿಕೆ ಪೂರ್ತಿಯಾಗುವಷ್ಟರಲ್ಲಿ, 1979ರಲ್ಲಿ, ಬ್ರಿಟನ್ನಿನ ಕೊನೆಯ ಲಾರ್ಜ್ ಬ್ಲೂ ಕಣ್ಮರೆಯಾಗಿತ್ತು. ಆಮೇಲೆ ಡಾರ್ಟ್‌ಮೂರಿನ ಇಳಿಜಾರುಗಳಲ್ಲಿ ಪೊದೆ ಕಡಿದು, ದನಕರುಗಳನ್ನು ಮತ್ತೆ ಮೇಯಲು ಬಿಟ್ಟು, ಸಬುಲೆಟಿ ಇರುವೆಗಳು ಹರಡಿದ ಮೇಲೆಯೇ 1983ರಲ್ಲಿ ಸ್ವೀಡನ್ನಿನ ಓಲಂಡ್ ದ್ವೀಪದಿಂದ ಮರಿಹುಳುಗಳನ್ನು ತಂದು ಬಿಡಲಾಯಿತು. ಸೋಮರ್‌ಸೆಟ್ಟಿನ ಕೊಲಾರ್ಡ್ ಹಿಲ್ ಎಂಬ ಗುಡ್ಡಕ್ಕೆ 2000ದಲ್ಲಿ ಚಿಟ್ಟೆ ಮರಳಿತು. ಜೂನ್ ತಿಂಗಳಲ್ಲಿ ಅದನ್ನು ನೋಡಲು ಜನ ಬರುತ್ತಾರೆ, ಉಳಿದ ತಿಂಗಳುಗಳಲ್ಲಿ ಅಲ್ಲಿನ ಪಾಲಕರು ದನಗಳನ್ನು ಮೇಯಿಸಿ ಹುಲ್ಲನ್ನು ಇರುವೆಗೆ ಒಗ್ಗುವಷ್ಟು ಗಿಡ್ಡವಾಗಿ ಇಡುತ್ತಾರೆ.